ಅತಿಯಾಗಿ ಬೆಂದ ಪಕ್ಕೆಲುಬು

ಮೂವತ್ತು ವರ್ಷ ನಾನು ಅಮೆರಿಕದ ಮೆಂಫಿಸ್‌ನಲ್ಲಿ, ಕೆಂಡದ ಹೊಗೆಯಲ್ಲಿ ಮಾಂಸ ಬೇಯಿಸುವ ಬಾರ್ಬೆಕ್ಯೂ ಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿದ್ದೆ. ಹಂದಿಯ ಪಕ್ಕೆಲುಬನ್ನು ಕಚ್ಚಿ ಎಳೆದರೆ ಮಾತ್ರ ಮಾಂಸ ಮೂಳೆಯಿಂದ ಬಿಡಬೇಕು. ತಾನಾಗಿ ಉದುರಿದರೆ ಅತಿಯಾಗಿ ಬೆಂದಿದೆಯೆಂದು ಮುಲಾಜಿಲ್ಲದೆ ಅಂಕ ಕಳೆಯುತ್ತಿದ್ದೆ. ಮನೆಯಲ್ಲಿ ಸೊಸೆ ರೋವೀನಾಳ ಅಡುಗೆಯನ್ನೂ ಬಿಟ್ಟವನಲ್ಲ.

ಈ ಚಳಿಗಾಲದಲ್ಲಿ ನನ್ನ ಹಲ್ಲೆಲ್ಲ ಕೀಳಿಸಬೇಕಾಯಿತು. ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ, ನನಗಿನ್ನು ಹಿಸುಕಿದ ಆಲೂಗಡ್ಡೆಯೇ ಗತಿ ಎಂದುಕೊಂಡೆ. ಬೆಳಗಿನಿಂದ ಫಾಯಿಲ್ ಸುತ್ತಿ ಓವನ್ನಿನಲ್ಲಿಟ್ಟಿದ್ದ ಪಕ್ಕೆಲುಬನ್ನು ರೋವೀನಾ ಮೊದಲು ನನ್ನ ತಟ್ಟೆಗೇ ಬಡಿಸಿದಳು. ಎತ್ತಿದರೆ ಬರೀ ಮೂಳೆ ಕೈಗೆ ಬಂತು.

"ಏನಮ್ಮ, ಪೂರ್ತಿ ಕೆಡಿಸಿಬಿಟ್ಟಿದ್ದೀಯಲ್ಲ."

"ಬೇಕಂತಲೇ ಕೆಡಿಸಿದ್ದು ಮಾವ. ಸುಮ್ನೆ ತಿನ್ನಿ."

ಒಸಡಿನಲ್ಲೇ ಆರು ತುಂಡು ಮುಗಿಸಿ, ಬೆರಳು ನೆಕ್ಕುತ್ತ ಹೇಳಿದೆ: "ಬರೋ ಭಾನುವಾರಾನೂ ಹಿಂಗೇ ಕೆಡಿಸಮ್ಮ."