ವಿಶಾಲಾಕ್ಷಿಯ ಹೆಸರು ಹೊತ್ತವಳು

ನಾನು ಒಂದು ಜೇಡ. ಮೂಲೆಯಲ್ಲಿ ಬಲೆ ಕಟ್ಟಿ ಕೂರುವ ಜಾತಿಯಲ್ಲ, ಜಿಗಿದು ಬೇಟೆ ಹಿಡಿಯುವ ಜಾತಿ. ಚಿತ್ರದುರ್ಗದ ಹೊರಗಿನ ಗುಡ್ಡದಲ್ಲಿ, ಬಿಸಿಲಿಗೆ ಸಿಪ್ಪೆಯೆದ್ದ ಬಂಡೆಯ ಸಂದಿಯಲ್ಲಿ, ಅಮ್ಮ ನೇಯ್ದ ಬಿಳಿ ಚೀಲದೊಳಗೆ ಹುಟ್ಟಿದೆ. ಬೆಳೆದರೂ ಅಕ್ಕಿಕಾಳಿನಷ್ಟೇ ಇದ್ದೆ. ಆದರೆ ಎಂಟು ಕಣ್ಣುಗಳಿದ್ದವು. ಮುಂದಿನ ಎರಡಂತೂ ಲಾರಿಯ ದೀಪಗಳ ಹಾಗೆ. ಅವುಗಳ ಕೆಳಗೆ, ಬಾಯಿಯ ಮೇಲೆ, ಬಿಳಿ ಕೂದಲಿನ ದಟ್ಟವಾದ ಒಂದು ಸಾಲು. ನಮ್ಮಲ್ಲಿ ಅದು ಹೆಣ್ಣುಗಳಿಗೆ ಮಾತ್ರ. ಬಂಡೆಯ ಮೇಲೆ ಬದುಕಿದಷ್ಟು ದಿನ ಅದರ ಬಗ್ಗೆ ಯಾರೂ ಮಾತಾಡಲಿಲ್ಲ, ನಾನೂ ಯೋಚಿಸಲಿಲ್ಲ.

ಒಂದು ಬೆಳಿಗ್ಗೆ ನೊಣವೊಂದರ ಮೇಲೆ ಹಾರಲು ಕಾಲು ಮಡಚಿದ್ದೆ. ಹಾರಿ ಬಿದ್ದದ್ದು ಪ್ಲಾಸ್ಟಿಕ್ ಡಬ್ಬಿಯೊಳಗೆ. ಡಬ್ಬಿ ಹಿಡಿದಿದ್ದವಳು ಮಂದಾಕಿನಿ, ಊರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಮೇಡಂ. ಅವಳು ನನ್ನನ್ನು ಸ್ಪಿರಿಟ್ಟಿನಲ್ಲಿ ಮುಳುಗಿಸಿದಳು. ಅಲ್ಲಿಗೆ ನನ್ನ ಉಸಿರಿನ ಕಥೆ ಮುಗಿಯಿತು, ಹೆಸರಿನ ಕಥೆ ಶುರುವಾಯಿತು. ಈ ಎರಡನೆಯದು ನನಗಿಂತ ಹೆಚ್ಚಾಗಿ ಅವಳ ಕಥೆ.

ಪ್ರಯೋಗಶಾಲೆಯಲ್ಲಿ ನನ್ನನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಕಣ್ಣು ಹಚ್ಚಿದವಳು ಒಮ್ಮೆಲೇ ಗಟ್ಟಿಯಾಗಿ ನಕ್ಕುಬಿಟ್ಟಳು.

“ಅಯ್ಯೋ, ಥೇಟ್ ನಮ್ಮ ಚಿಕ್ಕಮ್ಮ!”

ಆಗ ಕೋಣೆಯಲ್ಲಿ ನಾವಿಬ್ಬರೇ. ಹೀಯಾಳಿಸುವ ನಗೆಯಲ್ಲ ಅದು. ಗೊತ್ತಿಲ್ಲದ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಮನೆಯವರು ಕಂಡಾಗ ಬರುವಂಥ ನಗೆ. ಆ ಮಾತಿಗೆ ನಾನೊಬ್ಬಳೇ ಸಾಕ್ಷಿ.

ಅವಳ ಚಿಕ್ಕಮ್ಮನ ಹೆಸರು ವಿಶಾಲಾಕ್ಷಿ. ಮಂದಾಕಿನಿಯ ತಾಯಿ ತೀರಿಕೊಂಡಾಗ ಕೂಸನ್ನು ಎತ್ತಿಕೊಂಡವರು. ಹೊಲಿಗೆ ಕ್ಲಾಸ್ ನಡೆಸಿ ಸಾಕಿದರು, ಓದಿಸಿದರು. ಊರಿನ ಅರ್ಧ ಹೆಂಗಸರು ಅವರ ಹತ್ತಿರ ಕುಪ್ಪಸ ಕತ್ತರಿಸಲು ಕಲಿತವರೇ. ಮದುವೆಯಾಗಲಿಲ್ಲ. ವಯಸ್ಸಿಗೆ ಬಂದಾಗಿನಿಂದ ಮೇಲ್ದುಟಿಯ ಮೇಲೆ ಗಂಡಸರ ಹಾಗೆ ಕೂದಲು ಬರುತ್ತಿತ್ತು, ನೋಡಲು ಬಂದವರು ಅದನ್ನೇ ನೋಡಿ ಎದ್ದು ಹೋಗಿದ್ದರು. ಭಾನುವಾರ ಬೆಳಿಗ್ಗೆ ಬಾಗಿಲು ಹಾಕಿಕೊಂಡು, ದಾರದ ಒಂದು ತುದಿ ಹಲ್ಲಿನಲ್ಲಿ ಕಚ್ಚಿ, ಕನ್ನಡಿಯ ಮುಂದೆ ಅದನ್ನು ಕೀಳುತ್ತಿದ್ದರು. ಚಿಕ್ಕವಳಿದ್ದಾಗ ಮಂದಾಕಿನಿ ಒಮ್ಮೆ ಬಾಗಿಲು ತಳ್ಳಿ ಒಳಗೆ ನುಗ್ಗಿದ್ದಳು. ಚಿಕ್ಕಮ್ಮ ಅವಳ ಮೇಲೆ ಕೈಯೆತ್ತಿದ್ದು ಆ ಒಂದು ಸಲ ಮಾತ್ರ. ಅಂದಮೇಲೆ ಅವಳಿಗೆ ಗೊತ್ತಿರಲಿಲ್ಲ ಅನ್ನುವಂತಿಲ್ಲ. ಗೊತ್ತಿತ್ತು. ಪ್ರೀತಿ ಉಕ್ಕಿದಾಗ ಮರೆತಳು, ಅಷ್ಟೇ.

ನನ್ನ ವರ್ಣನೆ ಬರೆಯಲು ತಿಂಗಳುಗಳು ಹಿಡಿದವು. ಕಾಲುಗಳನ್ನು ಅಳೆದಳು, ಮುಳ್ಳುಗಳನ್ನು ಎಣಿಸಿದಳು. ಜೇಡದ ಜಾತಿ ಗುರುತಿಸಲು ಅದರ ಗುಟ್ಟಿನ ಅಂಗವನ್ನೇ ನೋಡಬೇಕಂತೆ. ಅದನ್ನೂ ಸೂಜಿಯಿಂದ ಬಿಡಿಸಿ, ದೊಡ್ಡದಾಗಿ ಚಿತ್ರ ಬರೆದು, ಲೋಕದ ವಿದ್ವಾಂಸರೆಲ್ಲ ನೋಡುವಂತೆ ಅಚ್ಚು ಹಾಕಿಸಿದಳು. ನಾಚಿಕೆ ಅಂದರೆ ಏನೆಂದು ನಾನು ಕಲಿತದ್ದು ಆಗ. ಜಾತಿ ಹೊಸದೆಂದು ತೀರ್ಮಾನವಾಯಿತು. ಹೆಸರಿಡುವ ಹಕ್ಕು ಅವಳದು. ಚಿಕ್ಕಮ್ಮನ ಹೆಸರಿಟ್ಟಳು.

“ನನ್ನ ಹೆಸರು ಯಾಕೆ ಇಟ್ಟೆಯೇ?” ಎಂದು ಚಿಕ್ಕಮ್ಮ ಕೇಳಿದ್ದರಂತೆ.

“ವಿಶಾಲಾಕ್ಷಿ ಅಂದ್ರೆ ದೊಡ್ಡ ಕಣ್ಣಿನವಳು ಅಲ್ವಾ? ಇದಕ್ಕೂ ಕಣ್ಣು ದೊಡ್ಡದು, ಅದಕ್ಕೇ,” ಎಂದಳಂತೆ ಇವಳು. ಹೆಸರಿಗೆ ಆ ಅರ್ಥ ಇರುವುದು ನಿಜ. ಕಾರಣ ಮಾತ್ರ ಸುಳ್ಳು. ಚಿಕ್ಕಮ್ಮ ಹಿಗ್ಗಿ ಹೀರೆಕಾಯಿಯಾದರು. ಹಾಲಿನವನಿಂದ ಹಿಡಿದು ಬಳೆ ಅಂಗಡಿಯವರವರೆಗೆ ಎಲ್ಲರಿಗೂ ಹೇಳಿದರು.

ಊರಿನ ಮಹಿಳಾ ಮಂಡಳಿಯವರು ಸುಮ್ಮನಿರುತ್ತಾರೆಯೇ? ಇಬ್ಬರಿಗೂ ಸನ್ಮಾನ ಇಟ್ಟುಕೊಂಡರು. ಮಂದಾಕಿನಿ ನನ್ನನ್ನು ಸೀಸೆಯ ಸಮೇತ ಬ್ಯಾಗಿನಲ್ಲಿ ಒಯ್ದು ವೇದಿಕೆಯ ಮೇಜಿನ ಮೇಲಿಟ್ಟಳು. ಹಿಂದೆ ಗೋಡೆಯಗಲದ ಫ್ಲೆಕ್ಸ್. ಅದರಲ್ಲಿ ಎಡಕ್ಕೆ ಚಿಕ್ಕಮ್ಮನ ಫೋಟೋ, ಬಲಕ್ಕೆ ನನ್ನ ಮುಖ, ಎರಡೂ ಒಂದೇ ಅಳತೆ. ನನ್ನ ಫೋಟೋ ಕೊಟ್ಟವಳು ಮಂದಾಕಿನಿಯೇ.

ನಿರೂಪಣೆ ಮಾಡುತ್ತಿದ್ದ ಹುಡುಗಿ, ಮಂದಾಕಿನಿ ಕನ್ನಡಕ್ಕೆ ಇಳಿಸಿಕೊಟ್ಟಿದ್ದ ವರ್ಣನೆಯನ್ನು ಸ್ಪಷ್ಟವಾಗಿ ಓದಿದಳು: “ಹೆಣ್ಣು ಜೇಡದ ಬಾಯಿಯ ಮೇಲ್ಭಾಗದಲ್ಲಿ ಮೀಸೆಯಂಥ ದಟ್ಟ ಕೂದಲಿದೆ. ಈ ಜಾತಿಯನ್ನು ಮೊದಲ ನೋಟಕ್ಕೇ ಗುರುತಿಸುವುದು ಈ ಲಕ್ಷಣದಿಂದ.”

ಮುಂದಿನ ಸಾಲಿನಲ್ಲಿ ಒಬ್ಬಾಕೆ ಬಾಯಿಗೆ ಸೆರಗು ಒತ್ತಿಕೊಂಡಳು. ಪಕ್ಕದವಳ ಹೆಗಲು ಕುಲುಕಿತು. ಆಮೇಲೆ ನಗು ಸಾಲಿನಿಂದ ಸಾಲಿಗೆ ಹರಿಯಿತು. ನಕ್ಕವರೆಲ್ಲ ಚಿಕ್ಕಮ್ಮನ ಕೈಯಲ್ಲಿ ಹೊಲಿಗೆ ಕಲಿತವರು. ಶಾಲು ಹೊದ್ದು, ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಚಿಕ್ಕಮ್ಮ ನಿಧಾನವಾಗಿ ತಿರುಗಿ ಫ್ಲೆಕ್ಸ್ ನೋಡಿದರು. ಅವರ ಕೈ ತಾನಾಗಿ ತುಟಿಯ ಮೇಲೆ ಹೋಯಿತು. ಮತ್ತೆ ಕೆಳಗೆ ಬರಲಿಲ್ಲ.

ಮಂದಾಕಿನಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತ್ತು. ಮೈಕು ಕೊಟ್ಟಾಗ ಏನು ಮಾತಾಡಿದಳೋ ಅವಳಿಗೇ ತಿಳಿಯಲಿಲ್ಲ.

ಮೂರು ದಿನವಾದ ಮೇಲೆ ಪ್ರಯೋಗಶಾಲೆಯಲ್ಲಿ ಸಹೋದ್ಯೋಗಿ ರೇಣುಕಾಳ ಮುಂದೆ ಅತ್ತಳು. “ಚಿಕ್ಕಮ್ಮ ಬೈದಿದ್ರೆ ಕಾಲು ಹಿಡ್ಕೊಂಡು ಬಿಡ್ತಿದ್ದೆ ಕಣೇ. ತಟ್ಟೆ ಹಾಕ್ತಾರೆ, ಬಡಿಸ್ತಾರೆ, ಒಳಗೆ ಹೋಗ್ತಾರೆ. ಹೊಲಿಗೆ ಕ್ಲಾಸಿಗೆ ಬೀಗ ಹಾಕಿದ್ದಾರೆ.”

“ಹೆಸರು ಬದಲಾಯಿಸಿಬಿಡು,” ಎಂದಳು ರೇಣುಕಾ.

“ಆಗಲ್ಲ. ಒಂದ್ಸಲ ಅಚ್ಚಾದ ಮೇಲೆ ಮುಗೀತು. ಯಾರಿಗೋ ನೋವಾಯ್ತು ಅಂತ ಬದಲಾಯಿಸೋ ನಿಯಮ ಇಲ್ಲ.”

ಹದಿನೈದು ದಿನ ಕಳೆದಿರಬೇಕು. ಒಂದು ಸಂಜೆ ಚಿಕ್ಕಮ್ಮ ತಾವಾಗಿಯೇ ಕಾಲೇಜಿಗೆ ಬಂದರು. ಸೆರಗಿನ ತುದಿ ಬಾಯಿಗೆ ಅಡ್ಡ ಹಿಡಿದಿದ್ದರು.

“ತೋರಿಸು ಅದನ್ನ.”

ಮಂದಾಕಿನಿ ನನ್ನನ್ನು ಗಾಜಿನ ಬಟ್ಟಲಿಗೆ ಇಳಿಸಿ ಮೈಕ್ರೋಸ್ಕೋಪಿನ ಕೆಳಗಿಟ್ಟಳು. ಚಿಕ್ಕಮ್ಮ ಸ್ಟೂಲಿನ ಮೇಲೆ ಕೂತು ಬಗ್ಗಿ ನೋಡಿದರು. ಸೂಜಿಗೆ ದಾರ ಪೋಣಿಸಿ ಪಳಗಿದ ಕಣ್ಣು, ಬೇಗ ಕದಲಲಿಲ್ಲ.

“ಕಣ್ಣಿಗೆ ಹೆಸರಿಟ್ಟೆಯೋ, ಮೀಸೆಗೋ?”

ಮಂದಾಕಿನಿ ತಲೆ ತಗ್ಗಿಸಿದಳು. ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತೆಂದು ಕಾಣುತ್ತದೆ. ನುಂಗಿಕೊಂಡಳು.

“ಮೀಸೆಗೆ, ಚಿಕ್ಕಮ್ಮ. ಕಂಡ ತಕ್ಷಣ ನೀನೇ ನೆನಪಾದೆ. ಚಿಕ್ಕವಳಿದ್ದಾಗ ನಿನ್ನ ತೋಳ ಮೇಲೆ ಮಲಗಿ ನೋಡ್ತಿದ್ದ ಮುಖ ಅದು. ನಂಗೆ ಅದು ಯಾವತ್ತೂ ಕೆಟ್ಟದಾಗಿ ಕಾಣಲೇ ಇಲ್ಲ.”

“ನೀನು ಕಣ್ಣು ಅಂದಿದ್ದನ್ನ ನಂಬಿ ಬೀದೀಲೆಲ್ಲ ಹೇಳ್ಕೊಂಡು ಬಂದೆನಲ್ಲೇ.”

ಮಂದಾಕಿನಿ ಮೇಜಿನ ಅಂಚು ಹಿಡಿದು ನಿಂತಳು. ಚಿಕ್ಕಮ್ಮ ಮೆಲ್ಲಗೆ ಹೇಳಿದರು:

“ಅಷ್ಟು ಹತ್ರದಿಂದ ನೋಡೋ ಹಕ್ಕು ನಿಂಗಿತ್ತು ಮಂದಾ. ಊರಿಗೆ ಇರ್ಲಿಲ್ಲ.”

ಅವಳು ಕುಸಿದು ಅವರ ಮಡಿಲಲ್ಲಿ ಮುಖವಿಟ್ಟಳು. ಚಿಕ್ಕಮ್ಮ ತಲೆ ಸವರಲಿಲ್ಲ, ದೂರ ತಳ್ಳಲೂ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಏಳು, ಕೊನೇ ಬಸ್ ಹೋದ್ರೆ ಆಟೋದವನು ಸುಲೀತಾನೆ,” ಎಂದರು. ಇಬ್ಬರೂ ಹೋದರು. ಹೊಲಿಗೆ ಕ್ಲಾಸ್ ಮತ್ತೆ ತೆರೆಯಿತೆಂದು ಆಮೇಲೆ ಕೇಳಿದೆ. ಆದರೆ ಚಿಕ್ಕಮ್ಮ ಮಂಡಳಿಯ ಮೆಟ್ಟಿಲು ಇನ್ನೆಂದೂ ಹತ್ತಲಿಲ್ಲವಂತೆ.

ಈಗ ನಾನು ಮುದುಕಿ. ಸ್ಪಿರಿಟ್ಟಿನಲ್ಲಿ ಮೈಬಣ್ಣವೆಲ್ಲ ಬಿಟ್ಟುಹೋಗಿದೆ, ಒಂದು ಕಾಲು ಕಳಚಿ ಸೀಸೆಯ ತಳದಲ್ಲಿ ಬಿದ್ದಿದೆ. ಬೀರುವಿನ ಕತ್ತಲೆಯಲ್ಲಿ ಕೂತು ಯೋಚಿಸುತ್ತೇನೆ. ಮೈಯ ಮೇಲೆ ಇದ್ದದ್ದನ್ನು ಇದ್ದ ಹಾಗೆ ಬರೆದರು, ಒಂದಕ್ಷರವೂ ತಪ್ಪಿಲ್ಲ. ಆದರೂ ನಮ್ಮಿಬ್ಬರನ್ನೂ ಒಂದು ಮಾತು ಕೇಳಲಿಲ್ಲ.

ಚಿಕ್ಕಮ್ಮ ತೀರಿಕೊಂಡು ವರ್ಷಗಳಾದವು. ಮಂದಾಕಿನಿಗೂ ನಿವೃತ್ತಿ ಹತ್ತಿರವಾಗಿದೆ. ದೂರದ ಊರುಗಳಿಂದ ಬರುವ ಸಂಶೋಧಕರು ನನ್ನನ್ನು ನೋಡಿ, ಕಣ್ಣು ಎಷ್ಟು ದೊಡ್ಡದು, ಎಂಥ ಒಪ್ಪುವ ಹೆಸರಿಟ್ಟಿದ್ದೀರಿ ಮೇಡಂ, ಎಂದು ಹೊಗಳುತ್ತಾರೆ. ಅವಳು ಹೌದೆನ್ನುವುದಿಲ್ಲ, ಅಲ್ಲವೆನ್ನುವುದೂ ಇಲ್ಲ. ಕಿವಿಯವರೆಗೂ ಕೆಂಪೇರಿದ ಮುಖವನ್ನು ಪಕ್ಕಕ್ಕೆ ತಿರುಗಿಸಿ, ಸೀಸೆಯ ಮುಚ್ಚಳವನ್ನು ಬಿಗಿಯಾಗಿ ತಿರುವುತ್ತಾಳೆ.