ಅಕ್ಕನಿಗೊಂದು ಫಿಲ್ಟರ್

ಕೆನ್ನೆಯ ಮೇಲೆ ತೊನ್ನಿನ ಬಿಳಿ ಕಲೆ ಬಂದಾಗಿನಿಂದ ಅಕ್ಕ ಒಂದು ಫೋಟೊಗೂ ಮುಖ ಕೊಟ್ಟಿರಲಿಲ್ಲ. ಫೋಟೊಗ್ರಾಫರ್ ತಮ್ಮನಿಗೆ ಅದೇ ಸಂಕಟ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ತೆಗೆದರೆ ಕಲೆ ಅಡಗುತ್ತದೆಂದು ಹೇಳಿ, ಅಂತೂ ಇಂತೂ ಅವಳನ್ನು ಸ್ಟುಡಿಯೊದ ಸ್ಟೂಲಿನ ಮೇಲೆ ಕೂರಿಸಿದ.

ಮೊದಲು ಲೆನ್ಸಿಗೆ, ಇನ್‌ಫ್ರಾರೆಡ್ ಜೊತೆಗೆ ಕೆಂಪು ಬೆಳಕನ್ನೂ ಒಳಬಿಡುವ ಕೆಂಪು ಫಿಲ್ಟರ್ ಹಾಕಿದ. ಅವನು ಕ್ಯಾಮೆರಾಕ್ಕೆ ಕಣ್ಣಿಟ್ಟದ್ದೇ ತಡ, ಅಕ್ಕನ ಕೈ ಕೆನ್ನೆಗೆ ಹೋಯಿತು.

“ಕೈ ತೆಗಿಯಕ್ಕಾ! ಹಲ್ಲುನೋವು ಬಂದೋರ ಥರ ಕೂತಿದ್ದೀಯಲ್ಲ.”

“ನೀನು ಹಾಗೆ ದುರುಗುಟ್ಟಿಕೊಂಡು ನೋಡ್ತಿದ್ರೆ ಹೇಗೋ ತೆಗೀಲಿ?”

ಅವನು ರೇಗಿ, ಇನ್‌ಫ್ರಾರೆಡ್ ಮಾತ್ರ ಒಳಬಿಡುವ, ಇದ್ದಲಿನಷ್ಟು ಕಪ್ಪಾದ ಇನ್ನೊಂದು ಫಿಲ್ಟರ್ ಹಾಕಿದ. “ತಗೋ, ಈಗ ನನಗೇನೂ ಕಾಣ್ಸಲ್ಲ. ಬೇಕಾದ್ರೆ ಬಂದು ನೋಡು.”

ಅಕ್ಕ ಎದ್ದು ಬಂದು ಕಣ್ಣಿಟ್ಟು ನೋಡಿದಳು. ಬರೀ ಕತ್ತಲೆ. ವಾಪಸು ಹೋಗಿ ನಿರಾಳವಾಗಿ ಕೂತಳು. ಅವನು ಅಂದಾಜಿನ ಮೇಲೆ ಕ್ಲಿಕ್ಕಿಸಿದ.

ಕ್ಯಾಮೆರಾದ ಪರದೆಯ ಮೇಲೆ ಮೂಡಿದ ಫೋಟೊದಲ್ಲಿ ಕಲೆ ಇರಲಿಲ್ಲ. ಆದರೆ ಮುಖ ಮೇಣದ ಬೊಂಬೆಯಂತಿತ್ತು, ಕಣ್ಣುಗಳು ಎರಡು ಕಪ್ಪು ಗುಳಿ.

“ಇದ್ಯಾರೋ ಇವಳು? ನಮ್ಮನೆಯವಳಲ್ಲ ಬಿಡು,” ಎಂದು ಅಕ್ಕ ನಕ್ಕಳು. “ಆ ಕೆಂಪು ಫಿಲ್ಟರನ್ನೇ ಹಾಕು.”

“ಅದರಲ್ಲಿ ಕಲೆ ಸ್ವಲ್ಪ ಕಾಣುತ್ತೆ.”

“ಕಣ್ಣೂ ಕಾಣುತ್ತಲ್ವಾ?”

ಅವನು ಫಿಲ್ಟರ್ ಬದಲಿಸಿ ಬಗ್ಗಿದ. ಅಕ್ಕ ನೇರವಾಗಿ ಅವನನ್ನೇ ನೋಡುತ್ತಿದ್ದಳು.

“ಬೇಗ ತೆಗಿಯೋ, ನಗು ತಡ್ಕೊಳ್ಳೋಕಾಗ್ತಿಲ್ಲ.”