ಇಟಲಿಗೆ ಹೊರಟ ಕೇಕು

ಐರಿಷ್ ನಾಡಿನ ಮೇಯೋ ಕಡೆ ಹಿಂದೆಲ್ಲ ಯಾರಾದರೂ ಊರು ಬಿಟ್ಟರೆ ಜನ ಸೇರಿ, ಕುಡಿದು, ಹಾಡಿ, ಸತ್ತವರಿಗೆ ಅತ್ತಂತೆ ಅತ್ತು ಹಡಗು ಹತ್ತಿಸುತ್ತಿದ್ದರು. ಡೆಲಿಯಾಳ ದೊಡ್ಡಮ್ಮ ಹಾಗೆ ಹೋದವಳು, ವಾಪಸು ಬಂದದ್ದು ಫೋಟೋದಲ್ಲಿ. ಅಗ್ಗದ ವಿಮಾನ ಬಂದ ಮೇಲೆ ಅಳುವುದಕ್ಕೆ ಬಿಡುವೇ ಸಿಗದಂತಾಯಿತು. ಡೆಲಿಯಾಳ ಮಗಳು ಊನಾ ಇಟಲಿಯ ಬೆರ್ಗಮೊದಲ್ಲಿ ಸಂಸಾರ ಹೂಡಿದ್ದರೂ ಕೂದಲು ಕತ್ತರಿಸಿಕೊಳ್ಳಲು ಊರಿಗೇ ಬರುತ್ತಿದ್ದಳು. ಆ ಬೆರ್ಗಮೊವನ್ನು ವಿಮಾನದವರು ‘ಮಿಲಾನ್’ ಎಂದು ಮಾರುತ್ತಿದ್ದರು. ಮಿಲಾನ್ ನೋಡಲು ಹೊರಟವರು ಇಳಿದು ಬಸ್ಸು ಹುಡುಕುವಾಗ ಡೆಲಿಯಾ ಮಗಳ ಮನೆಯಲ್ಲಿ ಚಹಾ ಕುಡಿಯುತ್ತಿರುತ್ತಿದ್ದಳು.

ಈ ಸಲ ಜೊತೆಗೆ ಕೇಕಿತ್ತು. ಊನಾಳ ಮದುವೆಯ ಮೂರಂತಸ್ತಿನ ಕೇಕಿನ ಮೇಲಿನ ಅಂತಸ್ತು. ಚೊಚ್ಚಲ ಮಗುವಿನ ಜ್ಞಾನಸ್ನಾನಕ್ಕೆಂದು ಪದ್ಧತಿಯಂತೆ ಡಬ್ಬಿಯಲ್ಲಿ ಎತ್ತಿಟ್ಟದ್ದು. ಮೂರು ವರ್ಷದಿಂದ ಡೆಲಿಯಾ ಕೆಡದಿರಲೆಂದು ಅದಕ್ಕೆ ತಿಂಗಳಿಗೊಂದು ಚಮಚ ವಿಸ್ಕಿ ಕುಡಿಸುತ್ತ ಬಂದಿದ್ದಳು. ನಾಳೆ ಬೆಳಗ್ಗೆ ಚರ್ಚಿನಿಂದ ಮನೆಗೆ ಬಂದ ಕೂಡಲೇ ಅದನ್ನು ಕತ್ತರಿಸಬೇಕು.

ವಿಮಾನ ಹತ್ತುವ ಗೇಟಿನಲ್ಲಿ, ಬ್ಯಾಗು ಅಳೆಯುವ ಕಬ್ಬಿಣದ ಚೌಕಟ್ಟಿನ ಪಕ್ಕ ವಿಮಾನದವರ ಸಮವಸ್ತ್ರದಲ್ಲಿ ನಿಂತಿದ್ದವಳು ಪೋಸ್ಟ್‌ಮ್ಯಾನನ ಮಗಳು ಗ್ರಾನ್ಯಾ.

"ಡೆಲಿಯಾ ಆಂಟಿ, ಬ್ಯಾಗು ಇಳೀತಿಲ್ವಲ್ಲ."

"ನಿನ್ನ ಜ್ಞಾನಸ್ನಾನದ ಕೇಕು ಮಾಡಿದವಳು ನಾನು ಕಣೇ!"

"ನನಗ್ಗೊತ್ತು. ಈ ಕಬ್ಬಿಣಕ್ಕೆ ಗೊತ್ತಿಲ್ಲ. ದುಡ್ಡು ಕಟ್ಟಿ, ವಿಮಾನದ ಕೆಳಗಿನ ಗೂಡಿಗೆ ಹಾಕಿಸ್ತೀನಿ."

"ಹಾಕಿಸ್ತೀಯೋ, ಎಸೆಸ್ತೀಯೋ? ಅಲ್ಲಿಗೆ ಹೋಗೋಷ್ಟರಲ್ಲಿ ಪುಡಿಪುಡಿ!"

"ಇಲ್ಲೇ ತಿಂದುಬಿಡೋಣ ಬಿಡು," ಎಂದ ಗಂಡ ಫೆಸ್ಟಿ. ಮೂರು ವರ್ಷದಿಂದ ಅವನ ಕಣ್ಣು ಆ ಡಬ್ಬಿಯ ಮೇಲೇ ಇತ್ತು.

"ನೀನು ಬಾಯಿ ಮುಚ್ಚಿ ಕೋಟು ಬಿಚ್ಚು."

ಫೆಸ್ಟಿಯದು ಇಬ್ಬರು ಹಿಡಿಯುವಂಥ ಕೋಟು. ಡೆಲಿಯಾ ಬ್ಯಾಗಿನಿಂದ ಡಬ್ಬಿ ತೆಗೆದು ಹೊಟ್ಟೆಗೆ ಒತ್ತಿಕೊಂಡು, ಮೇಲೆ ಶಾಲು ಬಿಗಿದು, ಕೋಟಿನ ಗುಂಡಿ ಹಾಕಿ, ಸೊಂಟಕ್ಕೆ ಕೈಕೊಟ್ಟು ಮುಂದೆ ಬಂದಳು. ಅವಳಿಗೆ ಅರವತ್ತೇಳು. ಹಿಂದೆ ಸಾಲಿನಲ್ಲಿದ್ದವರು ಕತ್ತು ಉದ್ದ ಮಾಡಿದರು.

"ಎಷ್ಟು ತಿಂಗಳು ಆಂಟಿ?"

"ಮೂರು ವರ್ಷ."

"ಏಳು ತಿಂಗಳು ದಾಟಿದ್ರೆ ಡಾಕ್ಟರ ಚೀಟಿ ಬೇಕು."

"ನನ್ನ ನೋಡ್ಬೇಡಮ್ಮ," ಎಂದ ಫೆಸ್ಟಿ, "ಎಲ್ಲಾ ವಿಸ್ಕಿದೇ ಕೆಲಸ."

ಗ್ರಾನ್ಯಾ ತುಟಿ ಕಚ್ಚಿ ಬ್ಯಾಗನ್ನು ಚೌಕಟ್ಟಿಗಿಟ್ಟಳು. ಸಲೀಸಾಗಿ ಇಳಿಯಿತು.

"ಹೊಟ್ಟೆ ಅಳೆಯೋ ಚೌಕಟ್ಟು ನಮಗಿನ್ನೂ ಕೊಟ್ಟಿಲ್ಲ. ನಡೀರಿ ಬೇಗ."

ದಾರಿಯುದ್ದಕ್ಕೂ ಪಕ್ಕದ ಸೀಟಿನ ಇಟಲಿಯ ಹೆಂಗಸು ಆ ಹೊಟ್ಟೆಯನ್ನೂ, ಅಲ್ಲಿಂದ ಏಳುತ್ತಿದ್ದ ವಿಸ್ಕಿಯ ಘಮವನ್ನೂ ಸಹಿಸಲಾರದೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಲೇ ಇದ್ದಳು. ಡೆಲಿಯಾ ಹೊಟ್ಟೆ ಸವರಿಕೊಂಡು ಸಮಾಧಾನ ಹೇಳಿದಳು: "ಹೆದರ್ಬೇಡಿ, ತಿಂಗಳಿಗೆ ಒಂದೇ ಚಮಚ ಕೊಡೋದು."

ಬೆರ್ಗಮೊದಲ್ಲಿ ಮಗುವನ್ನೆತ್ತಿಕೊಂಡು ನಿಂತಿದ್ದ ಊನಾ ಅಮ್ಮನ ಹೊಟ್ಟೆ ನೋಡಿ ಬಾಯಿ ಬಿಟ್ಟಳು. ಡೆಲಿಯಾ ಅಲ್ಲೇ ಗುಂಡಿ ಬಿಚ್ಚಿ ಡಬ್ಬಿಯ ಮುಚ್ಚಳ ತೆಗೆದಳು. ಒಂದು ಚೂರೂ ಉದುರಿರಲಿಲ್ಲ.

"ಮೊದಲು ಇದನ್ನ ಹಿಡ್ಕೋ," ಎಂದಳು, "ಆಮೇಲೆ ಮಗು ಕೊಡು."